ಯಾರೂ ಒತ್ತದ ತಿದಿ

ದೆವ್ವ ಭೂತದ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಕಣ್ಣಾರೆ ಕಂಡೆ ಎಂದವರಿಗೆ, ಕಣ್ಣಿನ ಡಾಕ್ಟರಿಗೆ ತೋರಿಸಿದಿರಾ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನೇ ಅಂಥದ್ದೊಂದನ್ನು ಹೇಳಲು ಕೂತಿದ್ದೇನೆ. ನೀವು ನಗಬಹುದು. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಹೊಸದುರ್ಗದ ಹತ್ತಿರದ ಒಂದು ನಾಟಕ ಶಾಲೆಯಲ್ಲಿ ನಾನು ವೇಷಭೂಷಣ ಹೊಲಿಯುವುದನ್ನು ಕಲಿಸುತ್ತೇನೆ. ಅಲ್ಲೊಂದು ಆರ್ಗನ್ ಇದೆ. ಹಿಂದೊಮ್ಮೆ ನಾಟಕವಾಡಲು ಬಂದಿದ್ದ ಹೊರದೇಶದ ತಂಡವೊಂದು ವಾಪಸ್ ಹೊತ್ತೊಯ್ಯುವ ತಾಪತ್ರಯ ಬೇಡವೆಂದು ನಮಗೇ ಬಿಟ್ಟುಹೋದದ್ದು. ಅಡುಗೆಮನೆಯ ಕಪಾಟಿನಷ್ಟು ಎತ್ತರ, ಕೆಳಗೆ ಚಕ್ರ, ಮೇಲೆ ಸಾಲಾಗಿ ನಿಂತ ಮರದ ಕೊಳವೆಗಳು. ಎಲ್ಲಿಗೆ ಬೇಕಾದರೂ ತಳ್ಳಿಕೊಂಡು ಹೋಗಬಹುದು. ನುಡಿಸಲು ಮಾತ್ರ ಇಬ್ಬರು ಬೇಕು. ಒಬ್ಬರು ಮುಂದೆ ಕೂತು ಹಾರ್ಮೋನಿಯಂ ಥರ ಬೆರಳಾಡಿಸಬೇಕು, ಇನ್ನೊಬ್ಬರು ಹಿಂದೆ ನಿಂತು ಹಿಡಿಕೆಯನ್ನು ಒತ್ತೊತ್ತಿ ಚರ್ಮದ ತಿದಿಗೆ ಗಾಳಿ ತುಂಬಬೇಕು.

ಆ ಹಿಂದಿನ ಕೆಲಸ ನನ್ನ ಮಗಳು ಚೈತ್ರಳದ್ದು. ಆಗ ಅವಳು ನಾಲ್ಕನೇ ಕ್ಲಾಸು. ಚಿಕ್ಕಂದಿನಿಂದ ಉಬ್ಬಸದ ಕಾಟವಿದ್ದ ಹುಡುಗಿ, ಓಡುವ ಆಟಕ್ಕೆ ಯಾರೂ ಸೇರಿಸಿಕೊಳ್ಳುತ್ತಿರಲಿಲ್ಲ. ನಿನ್ನ ಉಸಿರು ನೋಡಿಕೊಂಡು ಒತ್ತು, ಗಾಳಿ ಸಮ ಇರುತ್ತದೆ ಎಂದು ಸಂಗೀತದ ಮೇಷ್ಟ್ರು ಹೇಳಿಕೊಟ್ಟಿದ್ದರು. "ನಾನು ಉಸ್ರು ಬಿಟ್ಟಂಗೇ ಅದೂ ಬಿಡತೈತೆ ಕಣಮ್ಮ" ಎಂದು ಅವಳು ಬಲು ಜಂಬದಿಂದ ಹೇಳುತ್ತಿದ್ದಳು.

ಆ ವರ್ಷ ಬೇಸಿಗೆ ರಜೆಗೆ ಅವಳನ್ನು ಹರಿಯಬ್ಬೆಯ ನನ್ನ ತವರಿಗೆ ಕಳಿಸಿದ್ದೆ. ಶಾಲೆಯ ಹುಡುಗರೆಲ್ಲ ಹೊಳಲ್ಕೆರೆಗೆ ನಾಟಕ ಆಡಲು ಹೋಗಿದ್ದರು. ಮಧ್ಯಾಹ್ನ ಊಟ ಮುಗಿಸಿ, ತಾಲೀಮಿನ ಹಾಲ್‌ನಲ್ಲಿ ಒಬ್ಬಳೇ ಕೂತು ರಾಜನ ನಿಲುವಂಗಿಗೆ ಜರಿ ಕಟ್ಟುತ್ತಿದ್ದೆ. ಹಿಂದೆ ಏನೋ ಸರಭರ ಎಂದಿತು. ಇಲಿ ಇರಬೇಕೆಂದು ತಿರುಗಿದೆ. ಆರ್ಗನ್ನಿನ ಹಿಡಿಕೆ ತಾನಾಗಿ ಮೇಲೆದ್ದು ಇಳಿಯುತ್ತಿತ್ತು. ತಿದಿ ಉಬ್ಬುತ್ತಿತ್ತು, ಕುಗ್ಗುತ್ತಿತ್ತು.

ಕಿಟಕಿಗಳು ಮುಚ್ಚಿದ್ದವು. ಕರೆಂಟು ಇರಲಿಲ್ಲ, ಫ್ಯಾನೂ ನಿಂತಿತ್ತು. ನನಗೆ ಭಯ ಹುಟ್ಟಿಸಿದ್ದು ಅದು ಅಲ್ಲಾಡಿದ್ದಲ್ಲ, ಅಲ್ಲಾಡುತ್ತಿದ್ದ ಲಯ. ಚೂರೇ ಚೂರು ಒಳಗೆಳೆದು, ಸುಯ್ಯೆಂದು ಉದ್ದಕ್ಕೆ ಬಿಟ್ಟು, ನಡುವೆ ಒಮ್ಮೆ ತಡವರಿಸಿ ಮತ್ತೆ ಎಳೆಯುವುದು. ಅದೆಷ್ಟು ರಾತ್ರಿ ಅದನ್ನೇ ಕೇಳುತ್ತ ಎದ್ದು ಕೂತಿದ್ದೇನೋ! ನನ್ನ ಮಗಳಿಗೆ ಉಬ್ಬಸ ಏರಿದಾಗ ಎದೆ ಹೀಗೇ ಆಡುತ್ತಿತ್ತು.

ಅವ್ವನಿಗೆ ಫೋನ್ ಹಚ್ಚಿದೆ. ರಿಂಗಾಗಿ ರಿಂಗಾಗಿ ನಿಂತಿತು. ತಮ್ಮ ಮಂಜನದು ನಾಟ್ ರೀಚಬಲ್. ಅಷ್ಟರಲ್ಲಿ ತಿದಿ ಪೂರ್ತಿ ಕುಗ್ಗಿತು. ಮತ್ತೆ ಏಳಲಿಲ್ಲ.

ಆಗ ನಾನು ಏನನ್ನೂ ಯೋಚಿಸಲಿಲ್ಲ. ಓಡಿಹೋಗಿ ಹಿಡಿಕೆ ಹಿಡಿದು ಒತ್ತತೊಡಗಿದೆ. ಅಳುತ್ತ, ಕಂಡ ದೇವರನ್ನೆಲ್ಲ ಕರೆಯುತ್ತ ಎಷ್ಟೋ ಹೊತ್ತು ಒತ್ತಿದೆ. ಸದ್ದು ಕೇಳಿ ಕಾವಲುಗಾರ ರುದ್ರಪ್ಪ ಬಂದು ಬಾಗಿಲಲ್ಲೇ ನಿಂತ.

"ಯಾಕ್ರಿ ಮೇಡಮ್ಮಾರೆ, ನುಡಿಸೋರೇ ಇಲ್ಲ, ಗಾಳಿ ಯಾಕೆ ಹಾಕ್ತಾ ಇದೀರಿ?"

ಉತ್ತರಿಸುವ ಮೊದಲೇ ಮಂಜನ ಫೋನ್ ಬಂತು. "ಅಕ್ಕಾ, ಹೆದ್ರಬ್ಯಾಡ. ಹಿರಿಯೂರು ಆಸ್ಪತ್ರೇಲಿ ಅದೀವಿ. ಆಟೋದಾಗೆ ಪಾಪುಗೆ ಉಸ್ರೇ ನಿಂತೋಗಿತ್ತು ಕಣಕ್ಕ. ಅವ್ವ ಎದೆ ಬಡ್ಕಳಾಕೆ ಶುರು ಮಾಡಿದ್ಲು. ಆಮೇಲೆ ಯಾರೋ ಒಳಗೆ ಗಾಳಿ ಊದಿದಂಗೆ ಎದೆ ಮ್ಯಾಕೆ ಬಂತು. ಈಗ ಆಕ್ಸಿಜನ್ ಹಾಕವ್ರೆ."

ನಾನು ರುದ್ರಪ್ಪನ ಕೈಯನ್ನು ಹಿಡಿಕೆಯ ಮೇಲೆ ಇಟ್ಟೆ. "ನಾನು ಫೋನ್ ಮಾಡೋವರೆಗೂ ಬಿಡಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದು ಹೇಳಿ ಹಿರಿಯೂರಿಗೆ ಹೊರಟೆ. ಸಂಜೆ ಮಗಳು ಕಣ್ಣು ಬಿಟ್ಟು ನೀರು ಕೇಳಿದ ಮೇಲೆ ಅವನಿಗೆ ಫೋನ್ ಮಾಡಿ, ಸಾಕು ಎಂದೆ.

ಮಗಳನ್ನು ಕರೆದುಕೊಂಡು ವಾಪಸ್ ಬಂದ ದಿನ ರುದ್ರಪ್ಪ ನನ್ನನ್ನು ಪಕ್ಕಕ್ಕೆ ಕರೆದ. ಅಷ್ಟು ಹೊತ್ತು ಒತ್ತಿದಿರಲ್ಲ, ಕೈ ಸೋತಿರಬೇಕು ಎಂದೆ. ಅವನು ಅಡ್ಡಡ್ಡ ತಲೆ ಆಡಿಸಿದ. "ನಾನು ಒತ್ಲಿಲ್ಲರೀ. ಸುಮ್ನೆ ಕೈ ಇಟ್ಕಂಡು ನಿಂತಿದ್ದೆ ಅಷ್ಟೆ. ಅದೇ ಏಳ್ತಿತ್ತು, ಅದೇ ಇಳೀತಿತ್ತು."

ಕಾಕತಾಳೀಯ ಎಂದುಕೊಂಡು ನೋಡಿದ್ದೇನೆ. ತಿದಿಯಲ್ಲಿ ಗಾಳಿ ಸಿಕ್ಕಿಕೊಂಡಿತ್ತು ಎಂದುಕೊಂಡೂ ನೋಡಿದ್ದೇನೆ. ಯಾವುದೂ ಮನಸ್ಸಿಗೆ ಒಪ್ಪುವುದಿಲ್ಲ. ಚೈತ್ರ ಈಗ ಚಿತ್ರದುರ್ಗದಲ್ಲಿ ಹಾಸ್ಟೆಲ್‌ನಲ್ಲಿದ್ದು ಪಿಯುಸಿ ಓದುತ್ತಿದ್ದಾಳೆ. ಉಬ್ಬಸ ಎಷ್ಟೋ ಕಡಿಮೆಯಾಗಿದೆ. ಅವಳಿಗೆ ಇದನ್ನೆಲ್ಲ ಹೇಳಿಲ್ಲ.

ಆದರೆ ತಿದಿಯ ಚರ್ಮ ಹಳೆಯದಾಯಿತು. ಮಡಚುವ ಕಡೆ ಬಿರುಕು ಬಿಡುತ್ತಿದೆ. ಅದನ್ನು ಕಿತ್ತುಹಾಕಿ ಹೊಸದು ಹಾಕಿಸೋಣ ಎಂದು ಶಾಲೆಯವರು ಪ್ರತಿ ವರ್ಷ ಹೇಳುತ್ತಾರೆ. ನಾನು ಏನೋ ನೆಪ ಹೇಳಿ ತಪ್ಪಿಸುತ್ತೇನೆ. ಕುರಿ ಚರ್ಮದ ತುಂಡು ತಂದು ನಾನೇ ತೇಪೆ ಹಚ್ಚಿ, ಹೊಲಿದು, ಮೇಲೆ ಅಂಟು ಸವರುತ್ತೇನೆ. ಹೊಲಿಯಲು ಕೂರುವ ಮೊದಲು ಮಗಳಿಗೆ ಫೋನ್ ಮಾಡಿ ಸ್ಪೀಕರ್ ಹಾಕಿಡುತ್ತೇನೆ.

"ಏನಮ್ಮ ವಿಷ್ಯ?" ಎನ್ನುತ್ತಾಳೆ.

"ಏನಿಲ್ಲ, ಸುಮ್ನೆ ಏನಾದ್ರೂ ಮಾತಾಡ್ತಾ ಇರು" ಎನ್ನುತ್ತೇನೆ.

ಅವಳು ಹಾಸ್ಟೆಲ್ಲಿನ ಊಟ, ಗೆಳತಿಯರ ಜಗಳ ಎಲ್ಲ ಹೇಳುತ್ತಾ ಹೋಗುತ್ತಾಳೆ. ನಾನು ಹೊಲಿಯುತ್ತೇನೆ. ನಡುವೆ ಎಲ್ಲಾದರೂ ಅವಳ ಮಾತು ಒಂದು ಗಳಿಗೆ ನಿಂತರೆ, ಚರ್ಮದೊಳಗೆ ಅರ್ಧ ಇಳಿದ ಸೂಜಿಯನ್ನು ಹಾಗೇ ಹಿಡಿದುಕೊಂಡು ಕಾಯುತ್ತೇನೆ.