ಟಾರ್ಮೊನ ಹನ್ನೊಂದನೆಯ ಚೌಕ

ಟೆಲ್ಲರ್ವೊ ಒಂದು ಚೀಟಿಯಲ್ಲಿ ಮೂರು ಸಾಲು ಬರೆದುಕೊಂಡಿದ್ದಳು. ಎತ್ತರ ನೂರೆಂಟು ಸೆಂಟಿಮೀಟರ್ ಮೀರಬಾರದು. ತೂಕ ಒಂಬತ್ತು ಕಿಲೋ ದಾಟಬಾರದು. ಚೌಕ ನೆಗೆಟಿವ್ ಪೂರ್ತಿ ಹಿಡಿಸಬೇಕು. ಡೈರಿಯ ಪ್ರಯೋಗಾಲಯದಲ್ಲಿ ಮೂವತ್ತೆಂಟು ವರ್ಷ ಹಾಲಿನ ಕೊಬ್ಬು ಅಳೆದವಳು ಅವಳು. ಅಳತೆಯಿಲ್ಲದೆ ಒಂದು ಪರದೆಯನ್ನೂ ಕೊಂಡವಳಲ್ಲ. ಈಗ ಕೊಳ್ಳಬೇಕಾಗಿದ್ದದ್ದು ಹಳೆಯದೊಂದು ಎನ್ಲಾರ್ಜರ್, ನೆಗೆಟಿವ್‌ನ ಬಿಂಬವನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಯಂತ್ರ.

ನೂರೆಂಟು ಎನ್ನುವುದು ಸೌನಾದ, ಅಂದರೆ ಮನೆಯೊಳಗಿನ ಬಿಸಿ ಆವಿಸ್ನಾನದ ಕೋಣೆಯ, ಅಳತೆ. ಪ್ರಿಂಟ್ ಮಾಡಲು ಕತ್ತಲೆ ಬೇಕು; ತುರ್ಕು ಪಟ್ಟಣದ ಆ ಫ್ಲ್ಯಾಟಿನಲ್ಲಿ ಬೆಳಕು ನುಸುಳದ ಜಾಗ ಅದೊಂದೇ. ಹಲಗೆಯ ಗೋಡೆ, ಮೂಲೆಯಲ್ಲಿ ಕಲ್ಲು ಪೇರಿಸಿದ ಒಲೆ, ನೀರು ಹೋಗಲು ನೆಲದಲ್ಲಿ ಕಿಂಡಿ. ಯಂತ್ರ ಕೂರಬೇಕಾದ ಮೇಲಿನ ಬೆಂಚಿಗೂ ಚಾವಣಿಗೂ ನಡುವೆ ನೂರೆಂಟು. ಒಂಬತ್ತು ಕಿಲೋ ಅವಳ ಬಲಭುಜದ ಲೆಕ್ಕ. ಆಪರೇಷನ್ ಆದ ಮೇಲೆ ಅದಕ್ಕಿಂತ ಭಾರ ಎತ್ತಬಾರದೆಂದು ಡಾಕ್ಟರು ಹೇಳಿದ್ದರು. ಎತ್ತದೆ ವಿಧಿಯಿರಲಿಲ್ಲ. ಶನಿವಾರ ಸೌನಾ ಕಾಯಿಸಬೇಕೆಂದರೆ ಯಂತ್ರ ಹೊರಗೆ ಬರಬೇಕು. ಎಂಬತ್ತು ಡಿಗ್ರಿ ಬಿಸಿಯನ್ನು ಮಸೂರ ತಡೆಯುವುದಿಲ್ಲ.

ಆದರೆ ಗಂಡ ಟಾರ್ಮೊ ಫೆಬ್ರವರಿಯಲ್ಲಿ ತೀರಿಕೊಂಡ ಮೇಲೆ ಹನ್ನೊಂದು ಶನಿವಾರ ಆ ಒಲೆ ಹಚ್ಚಿರಲಿಲ್ಲ.

"ಬಿಡು, ನಿನ್ನ ಸೌನಾ ಕಥೆ ಮುಗೀತು" ಎಂದಳು ತಂಗಿ ಮಿರ್ಯ, ಕಾರು ಓಡಿಸುತ್ತಾ. "ಮೊದಲು ಯಂತ್ರ ಬರುತ್ತೆ. ಆಮೇಲೆ ರಟ್ಟಿನ ಪೆಟ್ಟಿಗೆ. ಆಮೇಲೆ ಚಳಿಗಾಲದ ಕಾರ್ ಟೈರು, ಎಲ್ಲಾ ಅಲ್ಲೇ ತುಂಬುತ್ತೆ. ನಮ್ಮ ಮಹಡೀಲಿ ಮೂರು ಮನೆ ಸೌನಾ ಹಿಂಗೇ ಸತ್ತಿದ್ದು."

"ಹೊರಗೆ ತೆಗೆದಿಡ್ತೀನಿ."

"ನೀನಾ? ಆಲೂಗಡ್ಡೆ ಚೀಲ ಎತ್ತೋಕೆ ನನಗೆ ಫೋನ್ ಮಾಡ್ತೀಯಲ್ಲ?"

ಟೆಲ್ಲರ್ವೊ ಚೀಟಿಯನ್ನು ಮಡಚಿ ಜೇಬಿಗೆ ಹಾಕಿದಳು. ಅವಳ ಮಡಿಲಲ್ಲಿ ಒಂದು ಲಕೋಟೆಯಿತ್ತು. ಟಾರ್ಮೊನ ಕ್ಯಾಮೆರಾದಲ್ಲಿ ಉಳಿದಿದ್ದ ಕೊನೆಯ ಫಿಲ್ಮನ್ನು ಅವಳೇ ಅಡುಗೆಮನೆಯ ಸಿಂಕಿನಲ್ಲಿ ತೊಳೆದಿದ್ದಳು. ಲಕೋಟೆಯಲ್ಲಿದ್ದದ್ದು ಅದೇ, ಹನ್ನೆರಡು ಚೌಕ ನೆಗೆಟಿವ್‌ಗಳು. ಅವುಗಳಲ್ಲಿ ಹನ್ನೊಂದನೆಯದು ಹೋದ ಸೆಪ್ಟೆಂಬರಿನದು. ದೋಣಿಕಟ್ಟೆಯ ಮೇಲೆ ಅವಳು ಕೂತಿದ್ದಾಳೆ. ಟಾರ್ಮೊ ಟೈಮರ್ ಒತ್ತಿ ಓಡಿಬಂದಿದ್ದಾನೆ, ಆದರೆ ಪಕ್ಕದಲ್ಲಿ ಕೂರುವಷ್ಟರಲ್ಲಿ ಕ್ಲಿಕ್ ಆಗಿಬಿಟ್ಟಿದೆ. ಎಡ ಅಂಚಿನಲ್ಲಿ, ಒಂದು ಕಾಲು ಇನ್ನೂ ಗಾಳಿಯಲ್ಲಿ. ಅವನಿರುವ ಕೊನೆಯ ಚಿತ್ರ ಅದೊಂದೇ. ಅದನ್ನು ಪೂರ್ತಿಯಾಗಿ ಕಾಗದಕ್ಕೆ ಇಳಿಸಬೇಕಿತ್ತು.

ಟಾರ್ಮೊ ಹೋಗುತ್ತಿದ್ದ ಫೋಟೊ ಕ್ಲಬ್ಬಿನ ಡಾರ್ಕ್‌ರೂಮ್ ಹಿಂದಿನ ಚಳಿಗಾಲದಲ್ಲೇ ಮುಚ್ಚಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ರೈನೆ ಎಂಬ ಮುದುಕ ಉಳಿದ ಸಾಮಾನನ್ನೆಲ್ಲ ತನ್ನ ಗ್ಯಾರೇಜಿನಲ್ಲಿಟ್ಟು ಮಾರುತ್ತಿದ್ದ. ಅಕ್ಕತಂಗಿ ಅಲ್ಲಿಗೆ ಹೋದಾಗ ಅವನು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟ. ಸಂತಾಪದ ಮಾತು ಆಡಲಿಲ್ಲ. ಟಾರ್ಮೊ ಒಯ್ದ, ಫೋಟೊ ತೊಳೆಯುವ ಪಿಂಗಾಣಿ ತಟ್ಟೆಯೊಂದು ಇನ್ನೂ ವಾಪಸ್ ಬಂದಿಲ್ಲ ಎಂದಷ್ಟೇ ಅಂದ.

"ಬಾಲ್ಕನೀಲಿದೆ. ಅದರಲ್ಲಿ ಈರುಳ್ಳಿ ಸೊಪ್ಪು ಬೆಳೀತಿದೆ" ಎಂದಳು ಟೆಲ್ಲರ್ವೊ.

"ಬೆಳೀಲಿ ಬಿಡಿ."

ಎರಡು ಯಂತ್ರ ಉಳಿದಿದ್ದವು. ಚಿಕ್ಕದು ಮಡಚಿದರೆ ಅದರದೇ ಪೆಟ್ಟಿಗೆಯೊಳಗೆ ಸೂಟ್‌ಕೇಸಿನಂತೆ ಕೂರುತ್ತಿತ್ತು. ಟೆಲ್ಲರ್ವೊ ಕೊಕ್ಕೆಯ ತಕ್ಕಡಿ ತೆಗೆದು ತೂಗಿದಳು. ಆರು ಕಿಲೋ ಇನ್ನೂರು.

"ಆಯ್ತಲ್ಲ, ಇದೇ ತಗೋ. ಮನೆಗೆ ಹೋಗೋಣ" ಎಂದಳು ಮಿರ್ಯ.

"ನೆಗೆಟಿವ್ ಇಟ್ಟು ನೋಡದೆ ಯಾರೂ ತಗೊಳ್ಳಲ್ಲ" ಎಂದು ರೈನೆ ಗ್ಯಾರೇಜಿನ ಬಾಗಿಲು ಎಳೆದು ಮುಚ್ಚಿ, ಹನ್ನೊಂದನೆಯ ಚೌಕ ಇಟ್ಟು ಯಂತ್ರದ ದೀಪ ಹಾಕಿದ. ಹಲಗೆಯ ಮೇಲೆ ಬಿಂಬ ಬಿತ್ತು. ಕಪ್ಪು ಮುಖ, ಬಿಳಿ ಕಣ್ಣು. ನೆಗೆಟಿವ್‌ನಲ್ಲಿ ಎಲ್ಲರೂ ಹಾಗೆಯೇ. ಟೆಲ್ಲರ್ವೊ ಭೂತಗನ್ನಡಿ ಹಿಡಿದು ಮೊದಲು ನಾಲ್ಕು ಮೂಲೆ ನೋಡಿದಳು. ಚೂಪಾಗಿದ್ದವು. ಆಮೇಲೆ ನಡುವೆ ನೋಡಿದಳು. ಅಲ್ಲಿ ಅವಳೊಬ್ಬಳೇ ಕೂತಿದ್ದಳು.

"ನೀವು ಚೆನ್ನಾಗಿ ಬಂದಿದ್ದೀರಿ" ಎಂದ ರೈನೆ.

"ಅವನಿಲ್ಲ."

"ಇದು ಸಣ್ಣ ಫಿಲ್ಮಿನ ಯಂತ್ರ. ನಡುಭಾಗ ಮಾತ್ರ ಬೀಳುತ್ತೆ. ಅಂಚು ಬೇಕಂದ್ರೆ ಅಲ್ಲಿದೆ ನೋಡಿ ದೊಡ್ಡದು, ಕ್ಲಬ್ಬಲ್ಲಿ ಎಲ್ಲರೂ ಕುದುರೆ ಅಂತಿದ್ದದ್ದು."

ಕುದುರೆಗೆ ಕಬ್ಬಿಣದ ಕಂಬವಿತ್ತು. ಎತ್ತರ ನೂರಾ ನಾಲ್ಕು. ಅದರ ಕೆಳಗೆ ಇಡೀ ಚೌಕ ಬಿತ್ತು. ಎಡ ಅಂಚಿನಲ್ಲಿ ಟಾರ್ಮೊ ಇದ್ದ, ಒಂದು ಕಾಲು ಗಾಳಿಯಲ್ಲಿ. ಟೆಲ್ಲರ್ವೊ ಆ ಮೂಲೆಯನ್ನೂ ಭೂತಗನ್ನಡಿಯಲ್ಲಿ ಪರೀಕ್ಷಿಸಿದಳು. ಹತ್ತಿರದಿಂದ ಕಂಡದ್ದು ಫಿಲ್ಮಿನ ಕಣಗಳು ಮಾತ್ರ. ಕಣಗಳು ಚೂಪಾಗಿದ್ದವು. ಏನಾದರೂ ಅನ್ನಿಸೀತೆಂದು ಒಂದು ಕ್ಷಣ ಕಾದಳು. ಏನೂ ಅನ್ನಿಸಲಿಲ್ಲ.

ಆ ಯಂತ್ರಕ್ಕೆ ತಕ್ಕಡಿ ಸಾಲಲಿಲ್ಲ. "ಹತ್ತೊಂಬತ್ತು ಕಿಲೋ" ಎಂದ ರೈನೆ.

"ಹಂಗಿದ್ರೆ ಅದು ಒಳಗೆ ಹೋದದ್ದು ಹೊರಗೆ ಬರಲ್ಲ. ಚಿತ್ರ ಬೇಕೋ, ಶನಿವಾರ ಬೇಕೋ ಹೇಳು" ಎಂದಳು ಮಿರ್ಯ. ದನಿಯಲ್ಲಿ ತಮಾಷೆ ಇರಲಿಲ್ಲ.

ಟೆಲ್ಲರ್ವೊ ಚೀಟಿ ನೋಡಿದಳು. ಎರಡನೆಯ ಸಾಲಿನ ಮುಂದೆ ತಪ್ಪು ಗುರುತು ಹಾಕಿದಳು.

"ಇಡಿಯಾಗಿ ಎತ್ತಿ ಅಂತ ಯಾರು ಹೇಳಿದ್ರು?" ಎಂದ ರೈನೆ. "ತಲೆ ಎಂಟು, ಕಂಬ ಆರು, ಹಲಗೆ ಐದು. ನಾಲ್ಕು ಬೋಲ್ಟು ಅಷ್ಟೆ. ಕ್ಲಬ್ಬಿಗೆ ಬರೋ ಮುಂಚೆ ಇದು ಇಪ್ಪತ್ತು ವರ್ಷ ನಮ್ಮನೆ ಸೌನಾದಲ್ಲೇ ಇತ್ತು. ಆದ್ರೆ ಭಾನುವಾರ ಮಧ್ಯಾಹ್ನದ ತನಕ ವಾಪಸ್ ಒಳಗೆ ಇಡಬೇಡಿ. ನಾನು ಬಿಸಿ ಆರೋಕ್ಮುಂಚೆ ಇಟ್ಟೆ, ಮಸೂರಕ್ಕೆ ಆವಿ ಹಿಡೀತು. ಮೂರು ವಾರ ಮಂಕು ಮಂಕಾಗಿ ಪ್ರಿಂಟ್ ಬಂತು. ನಾನು ಅದನ್ನೇ ಕಲಾಕೃತಿ ಅಂದ್ಕೊಂಡೆ. ಪ್ರದರ್ಶನಕ್ಕೂ ಕಳಿಸಿದೆ."

"ಬಹುಮಾನ ಬಂತಾ?" ಎಂದು ಮಿರ್ಯ ಕೇಳಿದಳು.

"ಮೂರನೇದು."

ಮಿರ್ಯ ನಕ್ಕಳು. ಟೆಲ್ಲರ್ವೊ ತೂಕವೆಂದರೆ ಇಡೀ ಯಂತ್ರದ ತೂಕವೆಂದೇ ಬರೆದುಕೊಂಡಿದ್ದಳು. ಇಂಥದ್ದನ್ನೆಲ್ಲ ಟಾರ್ಮೊ ಒಂದೇ ಸಲಕ್ಕೆ ಎತ್ತುತ್ತಿದ್ದ. ತಪ್ಪು ಗುರುತಿನ ಪಕ್ಕದಲ್ಲಿ 'ಮೂರು ಸಲ' ಎಂದು ಬರೆದು ಹಣ ಕೊಟ್ಟಳು.

ಬುಧವಾರ ಪ್ರಿಂಟ್ ಮಾಡಿದಳು. ಹನ್ನೆರಡು ಸೆಕೆಂಡು ಬೆಳಕು, ರಾಸಾಯನಿಕದ ತಟ್ಟೆಯಲ್ಲಿ ತೊಂಬತ್ತು ಸೆಕೆಂಡು. ಮೊದಲು ದೋಣಿಕಟ್ಟೆ ಮೂಡಿತು, ಆಮೇಲೆ ಅವನ ಕೋಟು. ಅವಳು ಎಣಿಕೆ ನಿಲ್ಲಿಸಲಿಲ್ಲ. ತೊಂಬತ್ತಕ್ಕೆ ತೆಗೆದು, ತೊಳೆದು, ಅಡುಗೆಮನೆಯ ದಾರಕ್ಕೆ ಕ್ಲಿಪ್ ಹಾಕಿ ತೂಗುಬಿಟ್ಟಳು.

ಶನಿವಾರ ನಾಲ್ಕು ಗಂಟೆಗೆ ಸ್ಪ್ಯಾನರ್ ಹಿಡಿದಳು. ತಲೆ, ಕಂಬ, ಹಲಗೆ. ಹದಿನಾಲ್ಕು ನಿಮಿಷ. ಮೂರೂ ಮಲಗುವ ಕೋಣೆಯಲ್ಲಿ, ಟಾರ್ಮೊನ ಬದಿಯ ಹಾಸಿಗೆಯ ಮೇಲೆ ಹೋಗಿ ಕೂತವು. ಬೆಂಚನ್ನು ಎರಡು ಸಲ ತೊಳೆದು ಒಲೆ ಹಚ್ಚಿದಳು.

ಐದೂವರೆಗೆ ಮಿರ್ಯ ಟವೆಲ್ ಹಿಡಿದು ಬಂದಳು. ಇಬ್ಬರೂ ಮೇಲಿನ ಬೆಂಚಿನಲ್ಲಿ ಕೂತರು. ಒಲೆಯ ಕಲ್ಲಿಗೆ ನೀರು ಹಾಕುವುದು ಯಾವಾಗಲೂ ಟಾರ್ಮೊನ ಕೆಲಸ. ಮಿರ್ಯ ಸೌಟನ್ನು ಮುಟ್ಟಲಿಲ್ಲ.

"ಎಷ್ಟು ಹಾಕ್ತಿದ್ದ?" ಎಂದಳು ಟೆಲ್ಲರ್ವೊ.

"ನೀನು ಅಳೆದಿಲ್ವಾ?"

"ಇಲ್ಲ."

ಟೆಲ್ಲರ್ವೊ ಒಂದು ಸೌಟು ನೀರು ಹಾಕಿದಳು. ಕಲ್ಲು ಚುರ್ ಅಂದಿತು, ಆವಿ ಚಾವಣಿಗೆ ಏರಿ ಹೆಗಲ ಮೇಲೆ ಇಳಿಯಿತು. ಬಿಸಿ ತಾಗಿದ್ದು ಗೊತ್ತಾಯಿತು. ಅವಳು ಇನ್ನೊಂದು ಸೌಟು ಹಾಕಿದಳು.