ಏಳನೆಯ ಹೋಲ್‌ನಲ್ಲಿ ಅಕ್ಕ

ಗಾಲ್ಫ್ ಹುಚ್ಚು ನಮ್ಮಿಬ್ಬರಲ್ಲಿ ಮೊದಲು ಹತ್ತಿದ್ದು ನನಗೆ. ಜೆಬೆಲ್ ಅಲಿಯ ಸರಕು ಸಾಗಣೆ ಕಂಪನಿಯೊಂದರಲ್ಲಿ ನನ್ನ ಕೆಲಸ. ಆಫೀಸಿನವರ ಜೊತೆ ಹೋಗಿ ಕಲಿತೆ. ಅಕ್ಕ ಊದ್ ಮೇಥಾದ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ದಿನಾ ನಡೆಯಬೇಕೆಂದು ಡಾಕ್ಟರು ಹೇಳಿದ ಮೇಲೆ ನನ್ನ ಹಿಂದೆ ಬರತೊಡಗಿದಳು. ಸುಮ್ಮನೆ ನಡೆಯಲು ಬೇಜಾರು, ಒಂದು ಕೋಲು ಕೊಡು ಎಂದವಳು ಆಮೇಲೆ ಅದನ್ನು ಕೆಳಗಿಡಲೇ ಇಲ್ಲ. ಅವಳು ದೂರ ಹೊಡೆಯುವುದಿಲ್ಲ, ಅವಳ ಚೆಂಡು ದಾರಿ ತಪ್ಪುವುದೂ ಇಲ್ಲ. ಆದರೂ ಗೆಲ್ಲುತ್ತಿದ್ದದ್ದು ನಾನೇ.

ಕಳೆದ ಚಳಿಗಾಲದ ರಜೆಯಲ್ಲಿ ಇಬ್ಬರೂ ಅಬುಧಾಬಿ ದಾಟಿ ಪಶ್ಚಿಮಕ್ಕೆ ಕಾರು ಓಡಿಸಿಕೊಂಡು ಹೋಗಿ, ಕಡಲ ತೀರದಲ್ಲಿ ಫೆರಿ ಹತ್ತಿ ಒಂದು ದ್ವೀಪ ಸೇರಿದೆವು. ಅಲ್ಲಿ ದುಡಿಯುತ್ತಿದ್ದವರು ತಮ್ಮ ಬಿಡುವಿಗೆಂದು ಮಾಡಿಕೊಂಡ ಒಂಬತ್ತು ಹೋಲ್‌ಗಳ ಮೈದಾನವಿದೆ. ಹುಲ್ಲೆಂಬುದೇ ಇಲ್ಲ. ಕುಳಿಯ ಸುತ್ತ ಎಣ್ಣೆ ಬೆರೆಸಿ ಗಟ್ಟಿ ಮಾಡಿದ ಕಂದು ಮರಳು. ಉಳಿದ ಕಡೆ ಚೆಂಡು ಬಿದ್ದಲ್ಲಿ ಒಂದು ತುಂಡು ಹಸಿರು ಚಾಪೆ ಹಾಸಿ, ಅದರ ಮೇಲಿಟ್ಟು ಹೊಡೆಯಬೇಕು. ಬೆನ್ನಿಗೆ ಬೋಳು ಗುಡ್ಡ, ಮಿಕ್ಕೆಲ್ಲ ಕಡೆ ಕಡಲು. ಎರಡನೆಯ ಹೋಲ್‌ನಲ್ಲಿ ಜಿಂಕೆಗಳು ಮಲಗಿದ್ದವು. ಅವು ಎದ್ದು ಹೋಗುವ ತನಕ ನಾವು ಕಿತ್ತಳೆ ಸುಲಿದು ತಿಂದೆವು.

ಏಳನೆಯದರಲ್ಲಿ ಕಡಲಿನ ನೀರು ಒಳಗೆ ಚಾಚಿಕೊಂಡು ಅಡ್ಡ ಬಂದಿತ್ತು. ಬೇಡವೆಂದರೆ ದಡ ಹಿಡಿದು ಸುತ್ತಿ ಆಡಬಹುದು. ಅಷ್ಟರಲ್ಲಿ ಅಕ್ಕ ನನಗಿಂತ ಒಂದು ಹೊಡೆತ ಕಡಿಮೆಯಲ್ಲಿ ಮುಗಿಸಿ ಮುಂದಿದ್ದಳು. ನನಗೆ ಹಟ ಬಂತು. ನೇರ ದಾಟಿಸಲು ಹೊರಟೆ. ಚೆಂಡು ನೀರಿಗೆ ಬಿತ್ತು, ಇನ್ನೊಂದೂ ಬಿತ್ತು, ಮತ್ತೊಂದು ಹೇಗೋ ದಾಟಿತು.

“ನೀನು ಸುತ್ತಿ ಹೋಗು ಅಕ್ಕ. ಗೆದ್ದ ಹಾಗೇ ಉಂಟಲ್ಲ ಈಗ” ಎಂದೆ.

“ಇಷ್ಟು ದೂರ ಬಂದದ್ದು ಸುತ್ತಿ ಹೋಗ್ಲಿಕ್ಕಾ ಮಾರಾಯ್ತಿ? ನಾನು ಹೊಡೀತೇನೆ.”

ಹೊಡೆದಳು. ಅವಳಿಂದ ಅಂಥ ಹೊಡೆತ ನಾನು ನೋಡಿರಲಿಲ್ಲ. ಆದರೆ ಆಚೆ ದಡ ಇನ್ನೇನು ಸಿಕ್ಕಿತು ಎನ್ನುವಲ್ಲಿ ಚೆಂಡು ಇಳಿದುಬಿಟ್ಟಿತು. ಕಡಲಿನ ಇಳಿತದ ಹೊತ್ತು, ತೆಳ್ಳಗಿನ ನೀರಿನಲ್ಲಿ ಅರ್ಧ ಚೆಂಡು ಮೇಲೆ ಕಾಣುತ್ತಿತ್ತು. ನಾವು ಬಳಸಿಕೊಂಡು ಆಚೆ ದಡಕ್ಕೆ ಹೋದೆವು. ಒಂದು ಹೊಡೆತದ ದಂಡ ತೆತ್ತು ಒಣ ನೆಲಕ್ಕೆ ಹಾಕಿಕೋ ಎಂದೆ. ಅವಳು ಆಗಲೇ ಕಲ್ಲಿನ ಮೇಲೆ ಕೂತು ಶೂ ಬಿಚ್ಚುತ್ತಿದ್ದಳು. ನೀರಿಗಿಳಿದು ಹೊಡೆಯಬಾರದೆಂದು ನಿಯಮವಿದೆಯೇ ಎಂದು ಕೇಳಿದಳು. ಇಲ್ಲವೆಂದೆ. ಪ್ಯಾಂಟನ್ನು ಮೊಣಕಾಲಿಗೆ ಮಡಚಿ ಇಳಿದೇಬಿಟ್ಟಳು. ಪುಟ್ಟ ಏಡಿಗಳು ದಿಕ್ಕಾಪಾಲಾಗಿ ಓಡಿದವು.

ಮೊದಲ ಬೀಸಿಗೆ ಎದ್ದದ್ದು ಕೆಸರು ಮಾತ್ರ. ಕನ್ನಡಕಕ್ಕೂ ಹಾರಿತು. ಸಾಕು ಮಾಡುತ್ತಾಳೆಂದುಕೊಂಡೆ. ಅವಳು ತೋಳಿನಿಂದ ಕನ್ನಡಕ ಒರೆಸಿ, ಕಾಲನ್ನು ಇನ್ನಷ್ಟು ಊರಿ, ಮತ್ತೆ ಬೀಸಿದಳು. ನೀರಿನ ಜೊತೆಗೇ ಚೆಂಡು ಎದ್ದು ಕಂದು ಮರಳಿನ ಅಂಚಿಗೆ ಬಿದ್ದು ಕುಳಿಯ ಕಡೆ ಉರುಳಿತು. ಅಕ್ಕ ಕೆಸರುಗಾಲಿನಲ್ಲೇ ಬಂದು, ಅವಸರವಿಲ್ಲದೆ, ಎರಡು ತಟ್ಟಿಗೆ ಅದನ್ನು ಕುಳಿಗಿಳಿಸಿದಳು. ಉಳಿದೆರಡು ಹೋಲ್‌ಗಳಲ್ಲಿ ನಾನು ಎಷ್ಟು ಹೆಣಗಿದರೂ ಅವಳನ್ನು ಹಿಡಿಯಲಾಗಲಿಲ್ಲ.

ಮರಳುವ ಫೆರಿಯಲ್ಲಿ ಭಾವ ನನ್ನ ಫೋನಿಗೆ ಕರೆ ಮಾಡಿ ಯಾರು ಗೆದ್ದದ್ದೆಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಫೋನು ಕಿತ್ತುಕೊಂಡು ತುಳುವಿನಲ್ಲಿ “ಯಾನೇ” ಎಂದಳು. ನಾನೇ ಎಂದು. ಮತ್ತೆ ಆಚೆ ದಡ ಬರುವ ತನಕ ಆ ಕೆಸರಿನ ಹೊಡೆತವನ್ನು ಅವರಿಗೆ ವಿವರಿಸುತ್ತಲೇ ಇದ್ದಳು.