ಎಸೆಯುವ ತೋಳು

ಆ ಶನಿವಾರ ಸಂಜೆ ನನ್ನ ಗಂಡ ಮೈದಾನದಿಂದ ಬೆಟಗೇರಿಯ ಮನೆಗೆ ಬಂದು, ಅಂಗಿ ಕಳಚಿ, ಎಂದಿನಂತೆ ಎಡತೋಳು ಚಾಚಿ ಕುಳಿತರು. ಗದಗಿನ ಕಾಲೇಜೊಂದರ ಬೇಸ್‌ಬಾಲ್ ತಂಡಕ್ಕೆ ಅವರು ಇಪ್ಪತ್ತು ವರ್ಷ ಚೆಂಡು ಎಸೆಯುವುದನ್ನು ಕಲಿಸಿದವರು. ಎಡಚರು. ಬಾಯಿಮಾತಿನಲ್ಲಿ ಕಲಿಸುವುದು ಅವರಿಗೆ ಒಗ್ಗುತ್ತಿರಲಿಲ್ಲ. ಪ್ರತಿ ಎಸೆತವನ್ನೂ ತಾವೇ ಎಸೆದು ತೋರಿಸುತ್ತಿದ್ದರು. ಹೀಗಾಗಿ ಆ ತೋಳು ದಿನಾ ನೋಯುತ್ತಿತ್ತು, ನಾನು ದಿನಾ ಎಣ್ಣೆ ಕಾಯಿಸುತ್ತಿದ್ದೆ.

"ಇವತ್ತ ಬೆರಳಿನತನಕ ಜಗ್ಗಾಕತ್ತೈತಿ ನೋಡ," ಅಂದರು.

"ಜಗ್ಗಲಾರದ ಏನ್ ಮಾಡ್ತೈತ್ರಿ? ಇನ್ನೂ ಹುಡುಗೂರ ಜೋಡಿ ಪೈಪೋಟಿ ಮಾಡ್ರಿ."

"ನೀ ಮಾತ ಕಡಿಮಿ ಮಾಡಿ ತಿಕ್ಕ," ಎಂದು ನಕ್ಕರು.

ಆಡಿ ಬಂದ ತೋಳು ಯಾವಾಗಲೂ ಬೆಚ್ಚಗಿರುತ್ತಿತ್ತು. ಅಂದು ತಣ್ಣಗಿತ್ತು. ಚಳಿಗಾಲವಾದರೂ ಹಣೆಯ ಬೆವರು ಒರೆಸಿದಷ್ಟೂ ಬರುತ್ತಿತ್ತು. ಮುಂಡರಗಿ ತಂಡದೊಂದಿಗಿನ ಪಂದ್ಯದ ಚಿಂತೆ ಎಂದುಕೊಂಡು ಎಣ್ಣೆಯನ್ನು ಮತ್ತೊಮ್ಮೆ ಕಾಯಿಸಿ ತಂದೆ.

ಮರುದಿನ ಬೆಳಿಗ್ಗೆ ಎಸೆತ ತೋರಿಸುತ್ತಲೇ ಮೈದಾನದಲ್ಲಿ ಕುಸಿದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಸಿರಿರಲಿಲ್ಲ. ಎದೆಯ ನೋವು ಕೆಲವರಿಗೆ ಎಡತೋಳಿನಲ್ಲೇ ಕಾಣಿಸಿಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದರು. ಅದನ್ನು ನಾನೂ ಕೇಳಿ ಬಲ್ಲೆ. ಬೇರೆ ಯಾರದಾದರೂ ತೋಳು ಹಾಗೆ ನೋಯುತ್ತಿದ್ದರೆ ಹೆದರಿ ಆಟೋ ಕರೆಯುತ್ತಿದ್ದೆ. ಇವರ ತೋಳಿನ ನೋವು ನನಗೆ ರೂಢಿಯಾಗಿಬಿಟ್ಟಿತ್ತು.

ಇದು ದಿನದ ನೋವಲ್ಲ ಎಂದು ಆ ಸಂಜೆ ಅವರಿಗಾದರೂ ಅನಿಸಿತ್ತೋ ಇಲ್ಲವೋ, ನನಗೆ ಇನ್ನೂ ಗೊತ್ತಿಲ್ಲ.